ಕವಾಟಮೀಮಾಂಸೆ ಅಥವಾ ಆಯಿಲ್ ಕುಡಿಯುವ ಕಾರಿನ ಪೂರ್ವೋತ್ತರ ವಿಚಾರ

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ಅಧಿಕಾರಿ ಯಾರೆಂದು ಮೊದಲೇ ಹೇಳಿಬಿಡುವುದು ಹಿರಿಯರ ಪದ್ಧತಿ. ಇಲ್ಲಿ ಅಧಿಕಾರಿಯೆಂದರೆ ಪೆಟ್ರೋಲ್ ಕಾರಿನ ಒಡೆಯ, ವಾರಂಟಿ ತೀರಿದವನು, ಗ್ಯಾರೇಜಿನಲ್ಲಿ ‘ಬ್ಯಾಕ್ ಕಂಪ್ರೆಷನ್ ಇದೆ ಸಾರ್, ಇಂಜಿನ್ ಇಳಿಸ್ಬೇಕು’ ಎಂಬ ಮಹಾವಾಕ್ಯ ಕಿವಿಗೆ ಬಿದ್ದು ಆ ಕ್ಷಣವೇ ವೈರಾಗ್ಯ ಹುಟ್ಟಿದವನು. ಹಳೆಯ ಡೀಸೆಲ್ ಗಾಡಿಯವರಿಗೆ ಪ್ರವೇಶವಿಲ್ಲ. ಅವುಗಳಲ್ಲಿ ಗಾಳಿಯ ದಾರಿಗೆ ಥ್ರಾಟಲ್ ಎಂಬ ಬಾಗಿಲಿಲ್ಲ, ಆದ್ದರಿಂದ ಮ್ಯಾನಿಫೋಲ್ಡಿನಲ್ಲಿ ಹೇಳಿಕೊಳ್ಳುವಂಥ ನಿರ್ವಾತವಿಲ್ಲ. ನಿರ್ವಾತವಿಲ್ಲದ ಕಡೆ ನಮ್ಮ ಪ್ರಮೇಯವೂ ಇಲ್ಲ. ವಿದ್ಯುತ್ ಕಾರಿನವರು ಮುಕ್ತರು. ಮುಕ್ತರಿಗೆ ಶಾಸ್ತ್ರ ಬೇಡ.

ವಿಷಯ, ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ಕವಾಟ. ಗಾತ್ರ ಹೆಬ್ಬೆರಳಿನಷ್ಟು, ಒಳಗೆ ಒಂದು ಸ್ಪ್ರಿಂಗ್, ಒಂದು ಪ್ಲಂಜರ್. ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿರಲಿ, ಉರಿದ ಅನಿಲದಲ್ಲಿ ಒಂದಿಷ್ಟು ಅವುಗಳ ಸಂದಿಯಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ನಿನ್ನೆ ಶೋರೂಮಿನಿಂದ ಬಂದ ಕಾರಿನಲ್ಲೂ ಇಳಿಯುತ್ತದೆ. ಜೊತೆಗೆ ನೀರಾವಿ, ಉರಿಯದ ಪೆಟ್ರೋಲಿನ ಆವಿ. ಇವು ಅಲ್ಲೇ ಠಿಕಾಣಿ ಹೂಡಿದರೆ ಆಯಿಲ್ ಕೆಟ್ಟು ಕೆಸರಾಗುತ್ತದೆ. ಅವನ್ನು ಮ್ಯಾನಿಫೋಲ್ಡಿನ ಎಳೆತದಿಂದ ಮೇಲಕ್ಕೆ ಕರೆಸಿ ಮತ್ತೆ ಸಿಲಿಂಡರಿನಲ್ಲಿ ಸುಡಿಸುವುದೇ ಈ ಕವಾಟದ ಉದ್ಯೋಗ. ಕರ್ಮಶೇಷವಿರುವವರಿಗೆ ಪುನರ್ಜನ್ಮ ತಪ್ಪದೆಂಬುದಕ್ಕೆ ಯಂತ್ರಶಾಸ್ತ್ರದ ಪುರಾವೆ ಇದು.

ಪೂರ್ವಾಚಾರ್ಯರ ಮತ ಸರಳವಾಗಿತ್ತು. ಕ್ರ್ಯಾಂಕ್‌ಕೇಸಿನಿಂದ ಒಂದು ಕೊಳವೆಯನ್ನು ನೆಲದತ್ತ ಇಳಿಬಿಡುವುದು. ಓಡುವ ಗಾಡಿಯ ಅಡಿಯಲ್ಲಿ ಬೀಸುವ ಗಾಳಿ ಆವಿಯನ್ನೆಲ್ಲ ಎಳೆದು ರಸ್ತೆಗೆ ಚೆಲ್ಲುವುದು. ಗಾಡಿ ನಿಂತರೆ ಎಳೆತವೂ ನಿಂತಿತು. ಈ ಮತದ ಖಂಡನೆಗೆ ದಾರಿಯಾದದ್ದು ಲಾಸ್ ಏಂಜಲೀಸಿನಲ್ಲಿ. ಕ್ಯಾಲ್‌ಟೆಕ್‌ನಲ್ಲಿ ಅನಾನಸಿನ ಪರಿಮಳವನ್ನು ಬಿಡಿಸಿ ನೋಡುತ್ತಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್ ಅದೇ ವಿದ್ಯೆಯನ್ನು ಆ ಊರಿನ ಕಣ್ಣುರಿ ತರಿಸುವ ಹೊಗೆಮಂಜಿನತ್ತ ತಿರುಗಿಸಿದರು. ವಾಹನ, ತೈಲಾಗಾರಗಳಿಂದ ಹೊರಟ ಹೈಡ್ರೋಕಾರ್ಬನ್‌ಗಳೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಅದು ಹುಟ್ಟುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. 1961ರಲ್ಲಿ ಕ್ಯಾಲಿಫೋರ್ನಿಯಾ ಪಿಸಿವಿಯನ್ನು ಕಡ್ಡಾಯ ಮಾಡಿತು; 1963ರ ಕಾರುಗಳಿಗೆ ಅದು ಅನ್ವಯವಾಯಿತು. ಅಮೆರಿಕದಲ್ಲಿ ಕಾರಿನ ಹೊಗೆಗೆ ಹಾಕಿದ ಮೊಟ್ಟಮೊದಲ ಮೂಗುದಾರ ಇದೇ. ಈಗ ಎಲ್ಲರ ಬಾಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬರುವುದಕ್ಕೆ ಇನ್ನೂ ಹನ್ನೆರಡು ವರ್ಷ ಬೇಕಿತ್ತು. ಹಿರಿತನವಿದ್ದೂ ಹೆಸರಿಲ್ಲದವರು ಪ್ರತಿ ಕಚೇರಿಯಲ್ಲೂ ಇರುತ್ತಾರೆ.

ಕವಾಟಕ್ಕೂ ಅವಸ್ಥೆಗಳು ನಾಲ್ಕು. ಇಂಜಿನ್ ಆಫ್ ಆಗಿರುವಾಗ ಸ್ಪ್ರಿಂಗ್ ಬಾಗಿಲು ಮುಚ್ಚಿರುತ್ತದೆ, ಇದು ಸುಷುಪ್ತಿ. ಐಡಲಿಂಗ್‌ನಲ್ಲಿ ನಿರ್ವಾತ ಬಲವಾಗಿ ಪ್ಲಂಜರನ್ನು ಎಳೆದು ದಾರಿಯನ್ನು ಕಿರಿದು ಮಾಡುತ್ತದೆ, ಇದು ಸ್ವಪ್ನ. ಹೆದ್ದಾರಿಯಲ್ಲಿ ಎಳೆತ ತಗ್ಗಿ ದಾರಿ ಅಗಲವಾಗುತ್ತದೆ, ಇದು ಜಾಗ್ರತ್. ಇನ್‌ಟೇಕ್ ಕಡೆಗೆ ಬ್ಯಾಕ್‌ಫೈರ್ ಆದಾಗ ಜ್ವಾಲೆ ಕ್ರ್ಯಾಂಕ್‌ಕೇಸಿಗೆ ಇಳಿಯದಂತೆ ಪ್ಲಂಜರ್ ಧಡಕ್ಕನೆ ಮುಚ್ಚಿಕೊಳ್ಳುವುದು ತುರೀಯ. ಅದರ ಅನುಭವ ಯಾರಿಗೂ ಬೇಡ.

ಇನ್ನು ಪೂರ್ವಪಕ್ಷ. ‘ಈ ಕಾರು ಇಂಜಿನ್ ಕೆಲಸ ಕೇಳುತ್ತಿದೆ, ಹೊಗೆ ಇರುವುದರಿಂದ, ಮೊನ್ನೆ ಬಂದಿದ್ದ ಕಾರಿನ ಹಾಗೆ.’ ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ತಾರ್ಕಿಕರ ನೇರ ಸಂತಾನ ನಮ್ಮ ಗ್ಯಾರೇಜುಗಳಲ್ಲಿದೆ ಎಂಬುದು ಹೆಮ್ಮೆಯ ವಿಷಯ. ಆದರೆ ನೈಯಾಯಿಕರು ಇಂಥ ಹೇತುವನ್ನು ಅನೈಕಾಂತಿಕವೆಂದು ಕರೆದು ಎಂದೋ ಗುಜರಿಗೆ ಹಾಕಿದ್ದಾರೆ. ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲೆಂಟ್, ಕಪ್ಪು ಹೊಗೆಯಾದರೆ ಪೆಟ್ರೋಲಿನ ಅತಿಸೇವನೆ, ನೀಲಿಯಾದರೆ ಆಯಿಲ್. ಸರಿ. ಆ ಆಯಿಲ್ ಬಂದದ್ದೆಲ್ಲಿಂದ? ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒಂದು ಉಸಿರು ಬಿಟ್ಟು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಏರು ಹತ್ತುವಾಗ ಬಂದರೆ ರಿಂಗಿನ ಮೇಲೆ. ಟರ್ಬೊ ಇದ್ದರೆ ಅದರ ಸೀಲೂ ಆರೋಪಿ. ಇಷ್ಟು ಜನರ ನಡುವೆ ಕವಾಟವೂ ಕೈಕಟ್ಟಿ ನಿಂತಿರುತ್ತದೆ. ಅದರತ್ತ ಯಾರೂ ನೋಡುವುದಿಲ್ಲ. ಕೆಲವು ನೂರು ರೂಪಾಯಿಯ ಆರೋಪಿಯನ್ನು ಹಿಡಿದರೆ ಯಾವ ಪೊಲೀಸನಿಗೆ ಪದಕ ಸಿಗುತ್ತದೆ?

ಕವಾಟದ ರೋಗ ಎರಡು ಬಗೆ, ಒಂದಕ್ಕೊಂದು ವಿರುದ್ಧ. ಮುಚ್ಚಿಕೊಂಡು ಕೂತರೆ ಒಳಗೆ ಒತ್ತಡ ಏರುತ್ತದೆ: ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟಿನಲ್ಲಿ, ಕ್ರ್ಯಾಂಕ್ ಸೀಲಿನಲ್ಲಿ ಆಯಿಲ್ ಜಿನುಗುತ್ತದೆ, ಏರ್ ಫಿಲ್ಟರಿಗೆ ಎಣ್ಣೆಸ್ನಾನವಾಗುತ್ತದೆ, ಕೆಲವೊಮ್ಮೆ ಡಿಪ್‌ಸ್ಟಿಕ್ ತಾನೇ ಮೇಲೆದ್ದು ನಿಲ್ಲುತ್ತದೆ. ಇಂಥ ಕಾರಿಗೆ ಸೀಲ್ ಹಾಕಿಸಿ, ಅದು ಮತ್ತೆ ಸೋರಿ, ಮತ್ತೆ ಹಾಕಿಸುವುದು ನಿತ್ಯಕರ್ಮ. ತೆರೆದುಕೊಂಡೇ ಉಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಮ್ಯಾನಿಫೋಲ್ಡಿಗೆ ನುಗ್ಗುತ್ತದೆ. ಐಡಲಿಂಗ್ ನಡುಗುತ್ತದೆ, ಮಿಶ್ರಣ ತೆಳುವಾಯಿತೆಂದು ಕಂಪ್ಯೂಟರು ಪಿ0171 ಎಂಬ ಬೀಜಾಕ್ಷರವನ್ನು ಜಪಿಸುತ್ತದೆ, ಗಾಳಿಯೊಡನೆ ಆಯಿಲ್ಲೂ ಹೀರಿಹೋಗುತ್ತದೆ. ಇಲ್ಲಿ ಮೀಮಾಂಸಕರ ಅರ್ಥಾಪತ್ತಿ ನೆರವಿಗೆ ಬರುತ್ತದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದಾದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಪಾರ್ಕಿಂಗಿನ ನೆಲದಲ್ಲಿ ಒಂದು ತೊಟ್ಟೂ ಇಲ್ಲದೆ ಡಿಪ್‌ಸ್ಟಿಕ್ಕಿನ ಮಟ್ಟ ಇಳಿದಿದ್ದರೆ ಕಾರು ಒಳಗೊಳಗೇ ಕುಡಿಯುತ್ತಿದೆ.

ಪ್ರಮಾಣಗಳಿಗೆ ಬರೋಣ. ಶಬ್ದಪ್ರಮಾಣ: ಕವಾಟವನ್ನು ಕಿತ್ತು ಕಿವಿಯ ಬಳಿ ಅಲ್ಲಾಡಿಸುವುದು. ಗಲಗಲ ಎಂದರೆ ಬದುಕಿದೆ, ಮೌನವಾದರೆ ಜಡ್ಡುಗಟ್ಟಿದೆ. ಇದನ್ನು ಪೂರ್ತಿ ನಂಬಬಾರದು. ಸ್ಪ್ರಿಂಗ್ ಸೋತ ಕವಾಟವೂ ಚೆನ್ನಾಗಿಯೇ ಗಲಗಲಿಸುತ್ತದೆ. ಸ್ಪರ್ಶಪ್ರಮಾಣ ಮೇಲು: ಇಂಜಿನ್ ಐಡಲಿಂಗ್‌ನಲ್ಲಿರುವಾಗ ಕವಾಟವನ್ನು ಹೊರಗೆಳೆದು ಬಾಯಿಗೆ ಹೆಬ್ಬೆರಳಿಟ್ಟರೆ ಎಳೆತ ತಿಳಿಯಬೇಕು. ತಿಳಿಯದಿದ್ದರೆ ಕವಾಟವನ್ನು ಬೈಯುವ ಮುನ್ನ ಹೋಸ್ ಕಟ್ಟಿದೆಯೇ, ಬಿರಿದಿದೆಯೇ ನೋಡಿ. ಪ್ರತ್ಯಕ್ಷ: ಆಯಿಲ್ ಮುಚ್ಚಳ ತೆಗೆದು ಆ ಬಾಯಿಗೆ ತೆಳು ಕಾಗದವಿಟ್ಟರೆ ಅದು ಮೆಲ್ಲಗೆ ಒಳಕ್ಕೆ ಅಂಟಬೇಕು; ಹಾರಿಹೋದರೆ ಒಳಗೆ ಒತ್ತಡವಿದೆ. ಹಳೆಯ ವೋಲ್ವೊ ಕಾರುಗಳ ಉಪಾಸಕರು ಇದೇ ಬಾಯಿಗೆ ರಬ್ಬರ್ ಕೈಗವಸು ತೊಡಿಸುತ್ತಾರೆ. ರೋಗವಿದ್ದರೆ ಗವಸು ಉಬ್ಬಿ, ಐದೂ ಬೆರಳೆತ್ತಿ ನೋಡುಗರಿಗೆ ಅಭಯಹಸ್ತ ತೋರಿಸುತ್ತದೆ. ಇಷ್ಟು ನಾಟಕೀಯವಾದ ಪ್ರಮಾಣ ಷಡ್ದರ್ಶನಗಳಲ್ಲೂ ಇಲ್ಲ.

ಮತಭೇದವೂ ಉಂಟು. ಕವಾಟ ಬೇರೆ, ಕವರ್ ಬೇರೆ, ನಡುವೆ ರಬ್ಬರ್ ಗ್ರೋಮೆಟ್ ಸಾಕ್ಷಿ ಎನ್ನುವ ಹಳೆಯ ಜಪಾನೀ ಇಂಜಿನ್‌ಗಳು ದ್ವೈತಿಗಳು. ಬಿಎಂಡಬ್ಲ್ಯುವಿನ ಎನ್55 ಶುದ್ಧ ಅದ್ವೈತಿ: ಅಲ್ಲಿ ಡಯಾಫ್ರಮ್ಮೂ ಕವರೂ ಒಂದೇ, ಆದ್ದರಿಂದ ಬಿಲ್ಲೂ ಒಂದೇ, ಅದು ಇಡೀ ಕವರಿನದು. ಡಯಾಫ್ರಮ್ ಹರಿದರೆ ಸಿಳ್ಳೆ ಕೇಳಿಸುತ್ತದೆ, ಆಯಿಲ್ ಮುಚ್ಚಳ ಬಿಚ್ಚಲಾಗದಷ್ಟು ಒಳಕ್ಕೆ ಕಚ್ಚಿಕೊಳ್ಳುತ್ತದೆ. ವಿಶಿಷ್ಟಾದ್ವೈತಿಗಳು ಯಾರೆಂಬುದನ್ನು ಸ್ಪೇರ್ ಅಂಗಡಿಯವರೇ ತೀರ್ಮಾನಿಸಲಿ.

ಸಿದ್ಧಾಂತ: ಮೊದಲು ಕವಾಟ ಮತ್ತು ಹೋಸ್, ಆಮೇಲೆ ಕಂಪ್ರೆಷನ್ ಗೇಜ್, ಅದೂ ಕೈಕೊಟ್ಟರೆ ಲೀಕ್-ಡೌನ್ ಪರೀಕ್ಷೆ, ಕಟ್ಟಕಡೆಗೆ ಮಹಾವಾಕ್ಯ. ಹಳೆ ಕಾರು ಕೊಳ್ಳುವಾಗ ಆಯಿಲ್ ಮುಚ್ಚಳ ತೆಗೆದು, ಹೊಗೆಯ ಒಂದೆಳೆ ಕಂಡೊಡನೆ ಐವತ್ತು ಸಾವಿರ ಇಳಿಸಿ ಎನ್ನುವ ಭಾವಮೈದುನರಿಗೂ ಇದೇ ಕ್ರಮ ಅನ್ವಯ.

ಫಲಶ್ರುತಿ: ಇದನ್ನು ಸರ್ವಿಸಿಗೆ ಮುನ್ನ ಭಕ್ತಿಯಿಂದ ಓದಿದವರ ಡಿಪ್‌ಸ್ಟಿಕ್ ಸ್ವಸ್ಥಾನದಲ್ಲಿರುತ್ತದೆ, ಐಡಲಿಂಗ್ ಶಾಂತವಾಗುತ್ತದೆ, ಹಿಂದಿನ ಬೈಕಿನವನು ಶಪಿಸುವುದನ್ನು ಬಿಡುತ್ತಾನೆ. ಓದದೆ ಸುಮ್ಮನೆ ಕವಾಟ ಬದಲಿಸಿದವರಿಗೂ ಇಷ್ಟೇ ಫಲವೆಂದು ಕೆಲವರು ವಾದಿಸುತ್ತಾರೆ. ಆ ಮತವನ್ನು ಖಂಡಿಸಲು ಪ್ರತ್ಯೇಕ ಗ್ರಂಥವೇ ಬೇಕು.