ಹಾಲಿನ ಬಣ್ಣ

(ಹಲಸೂರು ಸೋಮೇಶ್ವರ ದೇವಸ್ಥಾನದ ಹತ್ತಿರ ಒಂದು ಹಳೇ ಮನೆ. ಮಗಳ ಮನೆಯಲ್ಲಿ ಮೂರು ದಿನ ಇದ್ದು ಬಂದ ಸರೋಜಮ್ಮ, ಹಾಲಿನ ಹುಡುಗನಿಗೆಂದು ಬಾಗಿಲ ಮೇಲೆ ತಾವೇ ಸೀಮೆಸುಣ್ಣದಲ್ಲಿ ಬರೆದಿದ್ದ "3 ದಿನ ಅರ್ಧ ಲೀ. ಸಾಕು" ಅನ್ನೋದನ್ನ ಸೆರಗಿನಿಂದ ಒರೆಸಿ ಒಳಗೆ ಕಾಲಿಡುತ್ತಾರೆ. ಏಣಿಯ ಮೇಲೆ ಶಿವಾಜಿನಗರದ ಪೇಂಟರ್ ಖಾದರ್. ಗೋಡೆಗಳೆಲ್ಲ ಗಿಳಿಹಸಿರು.)

ಸರೋಜಮ್ಮ: ಅಯ್ಯೋ ರಾಮಾ! ಏನೋ ಖಾದರ್ ಇದು?

ಖಾದರ್: ಸಲಾಂ ಅಮ್ಮಾ. ಕ್ಯಾ ಹಾಲ್ ಹೈ?

ಸರೋಜಮ್ಮ: ಹಾಲೇ ಹಾಳಾಗಿದೆಯಲ್ಲೋ! ಫೋನಲ್ಲಿ ಏನು ಹೇಳಿದ್ದೆ ನಿನಗೆ?

ಖಾದರ್: "ಹಾಲಿನ ಬಣ್ಣ ಹೊಡಿ" ಅಂದ್ರಿ. ಹಾಲಿನ ಬಣ್ಣ ಹೊಡ್ದೆ. ಯಾವ ಕಲರ್ ಅಂತ ನೀವು ಹೇಳ್ಲಿಲ್ಲ. "ಹಸಿರು ಹೊಡೀಲಾ ಸಾರ್?" ಅಂತ ಸಾರನ್ನ ಕೇಳ್ದೆ. ಪೇಪರಿಂದ ತಲೆ ಎತ್ತದೆ "ಹ್ಞೂಂ" ಅಂದ್ರು.

ಸರೋಜಮ್ಮ: ಹಾಲಿನ ಬಣ್ಣ ಅಂದ್ರೆ ಕುಡಿಯೋ ಹಾಲಿನ ಬಣ್ಣ ಕಣೋ! ಬಿಳಿ!

ಖಾದರ್: ಹಂಗಾದ್ರೆ "ಹಾಲಿಗೆ ಹಾಲಿನ ಬಣ್ಣ" ಅಂತ ಎರಡು ಸಲ ಅನ್ನಬೇಕಿತ್ತು ಅಮ್ಮಾ. ಒಂದೇ ಹಾಲು ಅಂದ್ರಿ. ನಾನು ದೊಡ್ಡದು ತಗೊಂಡೆ.

ಶ್ರೀಕಂಠಯ್ಯ (ಒಳಗಿನಿಂದ ಪೇಪರ್ ಸಮೇತ ಬರುತ್ತ): ಅವನನ್ನ ಬೈಬೇಡ ಕಣೇ. ತಪ್ಪು ಕನ್ನಡದ್ದು. ಇಂಗ್ಲಿಷಿಂದ ಬಂದದ್ದಕ್ಕೆಲ್ಲ ನಾವು ಒಂದು ಉಕಾರ ಅಂಟಿಸಿ ಮನೆ ಒಳಗೆ ಬಿಟ್ಕೋತೀವಿ. ಬಸ್ಸು, ಕಾರು, ರೋಡು. ಹಾಲ್ ಬಂತು, ಅದಕ್ಕೂ ಅಂಟಿಸಿದ್ವಿ. ತಿರುಗಿ ನೋಡಿದ್ರೆ ಲೋಟದಲ್ಲಿ ಇನ್ನೊಂದು ಹಾಲು ಮೊದಲೇ ಕೂತಿದೆ!

ಸರೋಜಮ್ಮ: ಮೂವತ್ತೈದು ವರ್ಷ ವಿಮಾನದ ಫ್ಯಾಕ್ಟರೀಲಿ ಬೋಲ್ಟು ಬಿಗಿದೋರಿಗೆ ಈಗ ವ್ಯಾಕರಣ ಯಾಕೆ?

ಖಾದರ್: ಹೌದಲ್ಲ, ಸಾರ್‌ದೂ ಹಾಲೇ! ಬೋರ್ಡ್ ನೋಡಿದೀನಿ. ಎಚ್, ಎ, ಎಲ್. ಕೂಡಿಸಿ ಓದಿದ್ರೆ ಹಾಲ್.

ಶ್ರೀಕಂಠಯ್ಯ: ಕೂಡಿಸಿ ಓದಬಾರದಪ್ಪ! ಎಚ್‌ಎಎಲ್. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ್ದು. ಇಂದಿರಾನಗರದಲ್ಲಿ ಈಗಲೂ ವಿಳಾಸ ಬರೆಯೋವಾಗ ಎಚ್‌ಎಎಲ್ ಸೆಕೆಂಡ್ ಸ್ಟೇಜ್ ಅಂತಾರೆ.

ಖಾದರ್: ಆ ಕಡೆ ಬಾಡಿಗೆ ಕೊಟ್ಟು ಹಾಲಲ್ಲಿ ಕೂತ್ರೆ, ಹಾಲು ತರೋಕೆ ಕಾಸು ಉಳಿಯಲ್ಲ ಸಾರ್.

(ಹೂವಿನ ಬುಟ್ಟಿ ಹೊತ್ತು ಸೆಲ್ವಿ ಬರುತ್ತಾಳೆ.)

ಸೆಲ್ವಿ: ಅಮ್ಮಾ, ಹೂ... ಐಯೋ, ಪಚ್ಚೈ! ಚೆನ್ನಾಗಿದೆ.

ಸರೋಜಮ್ಮ: ಏನು ಚೆನ್ನ! ನಾನು ಕೇಳಿದ್ದು ಹಾಲಿನ ಬಣ್ಣ.

ಸೆಲ್ವಿ: ಪಾಲ್ ಕಲರಾ?

ಸರೋಜಮ್ಮ: ಪಾಲಿನ ಮಾತೆತ್ತಬೇಡ. ನಮ್ಮಣ್ಣ ಪಾಲು ಬೇಕು ಅಂತ ನನ್ನ ಮೇಲೆ ಕೇಸು ಹಾಕಿ ಕೂತಿದಾನೆ.

ಖಾದರ್: ಕೇಸ್ ಎಲ್ಲಿ ಅಮ್ಮಾ?

ಶ್ರೀಕಂಠಯ್ಯ: ಮೇಯೋ ಹಾಲಲ್ಲಿ.

ಖಾದರ್: ಅಲ್ಲೂ ಹಾಲಾ! ಅದಕ್ಕೆ ಯಾವ ಬಣ್ಣ ಹೊಡೆದವ್ರೆ?

ಸೆಲ್ವಿ: ನಮ್ಗೆ ಕುಡಿಯೋದೂ ಪಾಲ್, ಹಂಚೋದೂ ಪಾಲ್ ಅಮ್ಮಾ. ಕೆರೆ ಹತ್ರ ವಳ್ಳುವರ್ ನಿಂತಿದಾರಲ್ಲ, ಅವರ ಕುರಳಲ್ಲಿ ಮೂರು ಪಾಲ್ ಇದೆ.

ಸರೋಜಮ್ಮ: ಮೂರು ಲೀಟರಾ?

ಸೆಲ್ವಿ: ಮೂರು ಭಾಗ! ಅರತ್ತುಪ್ಪಾಲ್, ಪೊರುಟ್ಪಾಲ್, ಕಾಮತ್ತುಪ್ಪಾಲ್.

ಸರೋಜಮ್ಮ: ಕೊನೇದು ಏನೇ ಅದು?

ಸೆಲ್ವಿ: ಅದು... ಸಾರ್ ಇದಾರೆ, ಆಮೇಲೆ ಹೇಳ್ತೀನಿ.

ಶ್ರೀಕಂಠಯ್ಯ: ಪಾಪ, ಆ ವಳ್ಳುವರ್ 18 ವರ್ಷ ಮುಸುಕು ಹಾಕ್ಕೊಂಡೇ ಕಾದ್ರು. 2009ರಲ್ಲಿ ಮುಸುಕು ತೆಗೆದ್ರು, ಅದೇ ವಾರ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ್ನ ನಿಲ್ಲಿಸಿದ್ರು. ಅಂದ ಹಾಗೆ ಸೆಲ್ವಿ, ನಮ್ಮದೂ ಮೊದಲು ಪಾಲೇ. ಪಂಪನ ಕಾಲದಲ್ಲಿ ಕುಡಿಯೋದು ಪಾಲ್, ಕಚ್ಚೋದು ಪಲ್, ಕಂಡ್ರೆ ಓಡೋದು ಪುಲಿ. ಆಮೇಲೆ ನಿಧಾನಕ್ಕೆ ಆ ಪಕಾರ ಎಲ್ಲ ಹಕಾರ ಆಯ್ತು. ನಿಮ್ಮ ಪಾಳ್ ನಮ್ಮಲ್ಲಿ ಹಾಳಾಯ್ತು. ಹಲ್ಮಿಡಿ ಶಾಸನ ಅಂತೀವಲ್ಲ, ಆ ಕಲ್ಲಿನ ಮೇಲೇ ಊರಿನ ಹೆಸರು ಪಲ್ಮಿಡಿ ಅಂತಿದೆ.

ಸರೋಜಮ್ಮ: ಎಲ್ಲ ಬದಲಾದ್ರೆ, ಹಂಚ್ಕೊಳ್ಳೋ ಪಾಲು ಯಾಕೆ ಹಾಲಾಗಲಿಲ್ಲ?

ಶ್ರೀಕಂಠಯ್ಯ: ನಿಮ್ಮಣ್ಣ ಬಿಡಬೇಕಲ್ಲ!

ಸೆಲ್ವಿ: ಹಂಗಾದ್ರೆ ನಮ್ಮ ಪಲಾಪ್ಪಳಂ?

ಶ್ರೀಕಂಠಯ್ಯ: ಅದು ಹಳೆಗನ್ನಡದಲ್ಲಿ ಪಲಸು, ಈಗ ಹಲಸು. ಹಲಸಿನಿಂದ ಹಲಸೂರು. ದಂಡಿಗೆ ಬಂದ ಇಂಗ್ಲಿಷರು ಆ ಹಕಾರವನ್ನೂ ನುಂಗಿ ಅಲ್ಸೂರು ಅಂದ್ರು.

ಖಾದರ್: ಇಡೀ ಹಣ್ಣು ನುಂಗೋಕೆ ಆಗಿರಲ್ಲ ಸಾರ್, ಮುಳ್ಳು.

ಸರೋಜಮ್ಮ: ಬಂದ ತಕ್ಷಣ ನೀನು ಕೇಳಿದ್ಯಲ್ಲ, ಅದ್ಯಾವ ಹಾಲೋ?

ಶ್ರೀಕಂಠಯ್ಯ: ಅದು ಅರಬ್ಬೀದು. ಹಾಲ್ ಅಂದ್ರೆ ಸದ್ಯದ ಸ್ಥಿತಿ. ನೀನೂ ದಿನಾ ಓದ್ತೀಯ, ಹಾಲಿ ಶಾಸಕರು, ಹಾಲಿ ವಿಳಾಸ.

ಸರೋಜಮ್ಮ: ಹೌದಾ? ಹಾಲಿ ಶಾಸಕರು ಅಂದ್ರೆ ಹಾಲು ಕುಡಿದಷ್ಟು ಸುಖವಾಗಿರೋರು ಅಂದ್ಕೊಂಡಿದ್ದೆ.

ಖಾದರ್: ಒಬ್ಬಂದು ಹಾಲ್ ಅಮ್ಮಾ, ತುಂಬಾ ಜನದ್ದು ಆದ್ರೆ ಅಹ್ವಾಲ್.

ಶ್ರೀಕಂಠಯ್ಯ: ಭೇಷ್! ಅದೇ ನಮ್ಮ ಅಹವಾಲು. ಹಾಲಿನ ಬಹುವಚನ!

ಸರೋಜಮ್ಮ: ಹಾಗಾದ್ರೆ ನನ್ನದೂ ಒಂದು ಅಹವಾಲಿದೆ. ಸಂಜೆಯೊಳಗೆ ಈ ಹಸಿರು ಕಣ್ಣಿಗೆ ಬೀಳಬಾರದು.

ಖಾದರ್: ಫಿಕರ್ ನಕ್ಕೋ ಅಮ್ಮಾ. ಹಲ್ ನಿಕಾಲೇಂಗೆ.

ಸರೋಜಮ್ಮ (ಕೆನ್ನೆ ಮುಚ್ಚಿಕೊಂಡು ಹಿಂದೆ ಸರಿಯುತ್ತ): ಹಲ್ಲು ನಿಕಾಲ್ತೀಯಾ? ಇರೋದೇ ಎಂಟು ಕಣೋ!

ಖಾದರ್: ಹಲ್ಲಲ್ಲ ಅಮ್ಮಾ, ಹಲ್! ಪರಿಹಾರ! ದಾರಿ ಹುಡುಕ್ತೀನಿ ಅಂದೆ!

ಶ್ರೀಕಂಠಯ್ಯ: ಈ ಹಲ್ಲೂ ಅರಬ್ಬೀನೇ. ಹಿಂದೀಲಿ ಇನ್ನೊಂದು ಹಲ್ ಇದೆ, ನೇಗಿಲು. ಅದು ಸಂಸ್ಕೃತದ ಹಲ, ಬಲರಾಮನ ಹೆಗಲ ಮೇಲಿರೋದು. ಇಂಗ್ಲಿಷಿನ ಹಾಲ್‌ಗೆ ಇವರ್ಯಾರೂ ನೆಂಟರಲ್ಲ. ಅದರ ಬುಡದಲ್ಲಿರೋದು ಮುಚ್ಚೋದು, ಮರೆಮಾಡೋದು ಅನ್ನೋ ಅರ್ಥ...

ಸರೋಜಮ್ಮ: ಸರಿ, ಆ ಬುಡದ ಪ್ರಕಾರವೇ ಮೊದಲು ಈ ಹಸಿರು ಮುಚ್ಚಿಸಿ.

ಖಾದರ್: ಇವತ್ತಿಗೆ ಒಣಗಲ್ಲ ಅಮ್ಮಾ. ನಾಳೆ ಬೆಳಿಗ್ಗೆ ಎರಡು ಕೋಟು ಬಿಳಿ. ಹತ್ತು ಲೀಟರ್ ಆಗ್ತದೆ. ಬರೆದಿಟ್ಕೋತೀನಿ, ಇಲ್ಲಾಂದ್ರೆ ಮರ್ತೋಗ್ತದೆ. ಸೀಮೆಸುಣ್ಣ ಇದ್ಯಾ?

ಸರೋಜಮ್ಮ: ಬಾಗಿಲ ಪಕ್ಕದ ಗೂಡಲ್ಲಿದೆ, ತಗೋ.

(ಮಾರನೆಯ ದಿನ. ಇನ್ನೂ ಪೂರ್ತಿ ಬೆಳಕಾಗಿಲ್ಲ.)

ಸೆಲ್ವಿ (ಬೀದಿಯಿಂದ): ಅಮ್ಮಾ! ಮನೇಲಿ ಮದ್ವೆನಾ? ಒಂದು ಮಾತು ಹೇಳ್ಲಿಲ್ಲ, ಹೂ ಜಾಸ್ತಿ ತರ್ತಿದ್ದೆ!

(ಸರೋಜಮ್ಮ ಬಾಗಿಲು ತೆಗೆಯುತ್ತಾರೆ. ಹೊಸಿಲಾಚೆ ನಂದಿನಿ ಹಾಲಿನ ಅರ್ಧ ಲೀಟರಿನ ಇಪ್ಪತ್ತು ಪ್ಯಾಕೆಟ್ಟು ಸಾಲಾಗಿ ಮಲಗಿವೆ. ಬಾಗಿಲ ಮೇಲೆ ಖಾದರನ ದುಂಡಕ್ಷರ: "ಹಾಲ್. ನಾಳೆ. ಬಿಳಿ 10 ಲೀ.")

ಸರೋಜಮ್ಮ: ರೀ... ಬನ್ನಿ ಇಲ್ಲಿ. ನಿಮ್ಮ ಉಕಾರ ಬಂದಿದೆ.

ಶ್ರೀಕಂಠಯ್ಯ (ಕನ್ನಡಕ ಏರಿಸಿ ಓದಿ): ಹುಡುಗನದೇನೂ ತಪ್ಪಿಲ್ಲ. ಬಿಳಿ ಅಂತ ಬೇರೆ ಬರೆದಿದಾನೆ.

ಸೆಲ್ವಿ: ಈ ಪಾಲಲ್ಲಿ ನಂಗೊಂದು ಪಾಲು ಅಮ್ಮಾ.

(ಪೇಂಟಿನ ಡಬ್ಬ ಸ್ಕೂಟರಿನ ಮುಂದಿಟ್ಟುಕೊಂಡು ಖಾದರ್ ಬಂದು ನಿಲ್ಲುತ್ತಾನೆ.)

ಖಾದರ್: ಸಲಾಂ ಅಮ್ಮಾ! ಕ್ಯಾ ಹಾಲ್ ಹೈ?

ಸರೋಜಮ್ಮ: ಹತ್ತು ಲೀಟರ್!