ಉದ್ದೇಶ: ಅಧ್ಯಯನ

ಬರೆದುಕೊಡದೆ ಯಾವುದೂ ನಡೆಯದ ಸೀಮೆ ನಮ್ಮದು. ತಲೆ ಕತ್ತರಿಸಿ ಶಿವನಿಗಿಟ್ಟು ಮತ್ತೆ ಪಡೆಯುತ್ತೇನೆಂದು ಪಂಥಕ್ಕಿಳಿದ ಏಕಾಂತದ ರಾಮಯ್ಯ ಕೂಡ ‘ಮೊದಲು ಓಲೆ ಬರೆದುಕೊಡಿ’ ಅಂದನಂತೆ. ಅಬಲೂರಿನ ಸೋಮೇಶ್ವರ ಗುಡಿಯ ಶಾಸನವೇ ಇದಕ್ಕೆ ಸಾಕ್ಷಿ. ತಲೆಯ ವ್ಯವಹಾರಕ್ಕೇ ಕಾಗದಪತ್ರ ಬೇಕಾದಲ್ಲಿ ಲೈಬ್ರರಿ ಕಂಪ್ಯೂಟರಿಗೆ ಬೇಡವೇ?

ಆ ಲೈಬ್ರರಿ ಯಾವ ಊರಿನದು ಅಂತ ಕೇಳಬೇಡಿ. ನಾಳೆ ಪೇಪರು ಓದಲು ನಾನು ಅಲ್ಲಿಗೇ ಹೋಗಬೇಕು. ಈಗ ಅದರ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಒಳಗೆ ಒಂದು ಕಂಪ್ಯೂಟರ್, ಅದರ ತಲೆಯ ಮೇಲೆ ಹನ್ನೊಂದು ನಿಯಮ. ಜಗತ್ತಿನ ಲೈಬ್ರರಿಗಳಿಗೆಲ್ಲ ಸೇರಿ ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟದ್ದು ಐದೇ ಸೂತ್ರ. ಪಾಪ, ಅವರು ನಮ್ಮ ಹುಡುಗರನ್ನು ನೋಡಿರಲಿಲ್ಲ.

ಹನ್ನೊಂದರಲ್ಲಿ ದಪ್ಪ ಅಕ್ಷರದ್ದು ಏಳನೆಯದು: ‘ಮನರಂಜನೆಗೆ ಅವಕಾಶವಿಲ್ಲ.’ ಕೂರುವ ಮೊದಲು ವಹಿಯಲ್ಲಿ ಹೆಸರು, ವೇಳೆ, ಉದ್ದೇಶ ಬರೆಯಬೇಕು. ಉದ್ದೇಶದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಪದ: ಅಧ್ಯಯನ. ಇಷ್ಟು ಅಧ್ಯಯನ ಧಾರವಾಡದ ವಿಶ್ವವಿದ್ಯಾಲಯದಲ್ಲೂ ನಡೆದಿರಲಿಕ್ಕಿಲ್ಲ.

ಮೊನ್ನೆ ಒಬ್ಬ ಹುಡುಗ ಪರದೆಯ ಮೇಲೆ ಬೈಕು ಓಡಿಸುತ್ತ ತಾನೂ ಕುರ್ಚಿಯಲ್ಲಿ ಎಡಕ್ಕೆ ಬಲಕ್ಕೆ ವಾಲುತ್ತಿದ್ದ.

“ಏನ್ ಮಾಡಾಕತ್ತೀಯೋ ತಮ್ಮಾ?” ಎಂದರು ಮೇಲ್ವಿಚಾರಕರು.

“ಫಿಸಿಕ್ಸ್‌ರೀ ಸರ. ತಿರುವಿನಾಗ ಎಷ್ಟು ಸ್ಪೀಡಿದ್ರ ಗಾಡಿ ಬೀಳ್ತೈತಿ ಅಂತ ನೋಡಾಕತ್ತೇನಿ.”

ಹುಡುಗನ ಕಿವಿ ಕೆಂಪಾಯಿತು. ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಯಜಮಾನರೊಬ್ಬರು ಪೇಪರಿನ ಪದಬಂಧ ತುಂಬುತ್ತಿದ್ದರು, ಇನ್ನೊಬ್ಬರು ಸಿನಿಮಾ ಪುಟಕ್ಕೆ ಕನ್ನಡಕ ತಾಗಿಸಿದ್ದರು, ನಾನು ರಾಶಿಭವಿಷ್ಯದಲ್ಲಿದ್ದೆ. ನಮ್ಮನ್ನು ಯಾರೂ ಕೇಳಲಿಲ್ಲ. ಕಾಗದದ ಮೇಲೆ ನಾಯಕಿಯನ್ನು ನೋಡಿದರೆ ಓದು, ಅವಳು ಪರದೆಯ ಮೇಲೆ ಕುಣಿದರೆ ಮನರಂಜನೆ! ಮಣೆಯ ಮೇಲೆ ಚದುರಂಗ ಆಡಿದವನು ಜಾಣ, ಕಂಪ್ಯೂಟರಿನಲ್ಲಿ ಆಡಿದವನು ಕೆಟ್ಟ.

ಮನೆ ತೆರಿಗೆಯ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅದರಲ್ಲಿ ಆ ಹುಡುಗನ ಅಪ್ಪನದೂ ಇದೆ. ‘ಮುಖ ಗಂಟಿಕ್ಕಿಕೊಂಡು ಓದುವವರಿಗೆ ಮಾತ್ರ’ ಎಂದು ಯಾವ ಪಾವತಿಯಲ್ಲೂ ನಾನು ಕಂಡಿಲ್ಲ.

ಇನ್ನು ಸರ್ವಜ್ಞ. ನಮ್ಮವನು ಎಂದು ಅಬಲೂರು, ನಮ್ಮವನು ಎಂದು ಮಾಸೂರು ಜಗ್ಗಾಡುವ ಮನುಷ್ಯ. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಕೂಡಿಸಿ 1924ರಲ್ಲಿ ಅವನ ವಚನಗಳನ್ನು ಅಚ್ಚು ಹಾಕಿಸಿದರು. ನೀತಿಯ ಜೊತೆಗೆ ಆ ವಚನಗಳಲ್ಲಿ ಒಗಟುಗಳೂ ಇವೆ. ಒಗಟು ಅಧ್ಯಯನವೋ, ಮನರಂಜನೆಯೋ? ಏಳನೆಯ ನಿಯಮ ಹಿಡಿದರೆ ಸರ್ವಜ್ಞನನ್ನೇ ಅರ್ಧ ಎಬ್ಬಿಸಿ ಹೊರಗೆ ಕಳಿಸಬೇಕಾಗುತ್ತದೆ.

ಹಾಗಂತ ನಿಯಮವೇ ಬೇಡ ಅನ್ನುವವನಲ್ಲ ನಾನು. ಬೈಕು ಓಡುತ್ತಿದ್ದಾಗ ಒಬ್ಬಳು ಹುಡುಗಿ ಪರೀಕ್ಷೆಯ ಅರ್ಜಿ ತುಂಬಲು ಕಾಗದ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತಪ್ಪು ಬೈಕಿನದಲ್ಲ, ಅವಳನ್ನು ನಿಲ್ಲಿಸಿದ್ದು. ಹನ್ನೊಂದನ್ನೂ ಅಳಿಸಿ ಎರಡು ಸಾಲು ಬರೆಯಲಿ: ಕಾಯುವವರಿದ್ದರೆ ಅರ್ಧ ಗಂಟೆಗೆ ಏಳು, ಸದ್ದು ನಿನ್ನ ಕಿವಿಗಷ್ಟೇ ಇರಲಿ.

ಇದನ್ನು ಮೇಲ್ವಿಚಾರಕರಿಗೆ ಹೇಳೋಣವೆಂದು ಹೊರಟೆ. ಅಷ್ಟರಲ್ಲಿ ಅಜ್ಜ ಒಬ್ಬರು ಬಂದು, “ದೊಡ್ಡಾಟದ ಪದ ಕೇಳಬೇಕಿತ್ರೀ” ಎಂದು ವಹಿಯಲ್ಲಿ ಸಹಿ ಹಾಕಿದರು. ಉದ್ದೇಶದ ಕಾಲಮ್ಮಿನಲ್ಲಿ ನಡುಗುವ ಕೈಯಿಂದ ಬರೆದದ್ದು: ‘ಖುಷಿಗೆ’.

ಮೇಲ್ವಿಚಾರಕರು ವಹಿ ನೋಡಿದರು, ಗೋಡೆ ನೋಡಿದರು, ಅಜ್ಜನ ಮುಖ ನೋಡಿದರು. ಆಮೇಲೆ ತಮ್ಮ ಇಯರ್‌ಫೋನ್ ತೆಗೆದುಕೊಟ್ಟರು. ಅದರ ವೈರು ಸವೆದಿದ್ದ ರೀತಿ ನೋಡಿದರೆ ಅವರ ಅಧ್ಯಯನವೂ ಕಡಿಮೆಯದೇನಲ್ಲ.