ಆಯಮ್ಮನ ಇಂಟರ್‌ವ್ಯೂ

(ಬೆಂಗಳೂರಿನ ಸರ್ಜಾಪುರ ರಸ್ತೆ, 11ನೇ ಮಹಡಿ. ಸೋಫಾದ ಮೇಲೆ ದಂಪತಿ, ಲ್ಯಾಪ್‌ಟಾಪ್. ಎದುರಿಗೆ ಮಂಡ್ಯ ಕಡೆಯ ಆಯಮ್ಮ. ತೊಟ್ಟಿಲಲ್ಲಿ 3 ತಿಂಗಳ ಕೂಸು. ಅದರ ಅಭಿಪ್ರಾಯ ಯಾರೂ ಕೇಳಿಲ್ಲ.)

ಸಾರ್: 5 ವರ್ಷ ಆದ್ಮೇಲೆ ನೀವು ಎಲ್ಲಿರ್ತೀರಿ?

ಆಯಮ್ಮ: ಇದರ ಹಿಂದೆ ಓಡ್ತಿರ್ತೀನಿ ಸಾ, ಸ್ಕೂಲ್ ಬ್ಯಾಗ್ ಹಿಡ್ಕಂಡು.

ಸಾರ್: ಈಗ ಪ್ರಾಕ್ಟಿಕಲ್. ಮಗು ಗಂಟಲಲ್ಲಿ ಏನಾದ್ರೂ ಸಿಕ್ಕಿಹಾಕ್ಕೊಂಡು ಉಸಿರು ಕಟ್ಟಿದ್ರೆ?

(ಆಯಮ್ಮ ಟವೆಲ್ ಸುತ್ತಿ ಕೂಸು ಮಾಡಿ, ಮುಂಗೈ ಮೇಲೆ ಬೋರಲು ಹಾಕಿಕೊಂಡಳು. ತಲೆ ಕೆಳಕ್ಕೆ, ಬೆರಳು ದವಡೆಗೆ.)

ಆಯಮ್ಮ: ಬೆನ್ನಿನ ನಡುವೆ ಅಂಗೈ ಬುಡದಲ್ಲಿ 5 ಏಟು. ಬರಲಿಲ್ವಾ, ಅಂಗಾತ ತಿರುಗಿಸಿ ಎದೆ ಮೇಲೆ 5 ಸಲ ಒತ್ತೋದು. ಕಾಣದೆ ಬಾಯೊಳಕ್ಕೆ ಬೆರಳು ಹಾಕ್ಬಾರ್ದು. ಅಷ್ಟರಲ್ಲಿ ನೀವು 108ಕ್ಕೆ ಫೋನ್ ಮಾಡಿ.

ಸಾರ್: (ಟೈಪಿಸುತ್ತ) ಕೆಲಸವನ್ನು ಮೇಲಿನವರಿಗೆ ದಾಟಿಸುತ್ತಾರೆ.

ಮೇಡಂ: ಜೇನುತುಪ್ಪ?

ಆಯಮ್ಮ: ವರ್ಷ ತುಂಬೋಗಂಟ ನಾಲಿಗೆಗೂ ಮುಟ್ಟಿಸಲ್ಲವ್ವ.

ಮೇಡಂ: ನಮ್ಮಮ್ಮ ನಾಮಕರಣದ ದಿನವೇ ನೆಕ್ಕಿಸಿದ್ರಲ್ಲ!

(ಅಮ್ಮನ ಇಂಟರ್‌ವ್ಯೂ ಯಾರೂ ಮಾಡಿರಲಿಲ್ಲ. ಕೂಸು ಕಿರುಚಿತು.)

ಆಯಮ್ಮ: ಒಸಿ ಎತ್ಕಳಿ ಸಾ, ಕೈ ತೊಳ್ಕಂಡು ಬತ್ತೀನಿ.

(ಸಾರ್ ಎತ್ತಿಕೊಂಡರು, ಚಾರ್ಜರ್ ಕಿತ್ತ ಲ್ಯಾಪ್‌ಟಾಪಿನ ಹಾಗೆ.)

ಆಯಮ್ಮ: ಕತ್ತು, ಕತ್ತು! ಕೈ ಕೊಡಿ ಕತ್ತಿಗೆ! ನಿಮಗೆಷ್ಟು ಅನುಭವ ಸಾ?

ಸಾರ್: 3 ತಿಂಗಳು.

ಆಯಮ್ಮ: ಹಂಗಾರೆ ಇನ್ನೂ ಪ್ರೊಬೇಷನ್ನು. ನಂಗೆ ಭಾನುವಾರ ರಜ. ಅವತ್ತು ಯಾರು ನೋಡ್ಕಳೋದು?

(ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.)